ಕಣ್ಣಿನೊಳಗಿನ ಅಕ್ಕಿಕಾಳು

ಕುಂಚದ ತುದಿ ಕಾಗದದಿಂದ ಕೂದಲೆಳೆಯಷ್ಟು ಮೇಲೆ ನಿಂತುಬಿಟ್ಟಿತು.

ಶಿಗೆತಾ ಉಸಿರು ಬಿಗಿಹಿಡಿದು ಕೂತಿದ್ದ. ಅವನ ಮುಂದಿದ್ದ ಹಾಳೆಯಲ್ಲಿ ಹೆಣ್ಣುದೆವ್ವವೊಂದರ ಮುಖ ಮುಕ್ಕಾಲು ಮುಗಿದಿತ್ತು. ಕೂದಲಿಗೆ ಕಪ್ಪು ತುಂಬಿದ್ದ, ಹುಬ್ಬು ತೀಡಿದ್ದ, ರೆಪ್ಪೆಯ ಕೆಳಗೆ ನೆರಳು ಎಳೆದಿದ್ದ. ಉಳಿದದ್ದು ಎರಡು ಬಿಳಿ ಗುಳಿಗಳು ಮಾತ್ರ.

"ಹೂಂ, ಬರೀರಿ," ಎಂದಳು ಇಸೊಕೊ. "ಎರಡು ಪಾಪೆ ತಾನೇ. ಅವತ್ತು ಬರೆದ ಹಾಗೇ ಬರೆದು ತೋರಿಸಿ."

ಕುಂಚ ಇನ್ನೊಂದಿಷ್ಟು ಇಳಿಯಿತು. ತುದಿಯಲ್ಲಿ ಮಸಿಯ ಹನಿಯೊಂದು ದಪ್ಪವಾಗಿ, ಇನ್ನೇನು ಬೀಳಬೇಕು ಅನ್ನುವಾಗ ಶಿಗೆತಾನ ಎಡಗೈ ಸರಕ್ಕನೆ ಅಡ್ಡ ಬಂತು. ಹನಿ ಅವನ ಅಂಗೈ ಮೇಲೆ ಬಿತ್ತು. ದೆವ್ವದ ಕಣ್ಣು ಬಿಳಿಯಾಗಿಯೇ ಉಳಿಯಿತು.

ಇಸೊಕೊ ನೋಡಬೇಕಾದದ್ದನ್ನು ನೋಡಿಯಾಗಿತ್ತು. ಇಪ್ಪತ್ತಾರು ವರ್ಷದಿಂದ ಸೂಪರ್‌ಮಾರ್ಕೆಟ್‌ನಲ್ಲಿ ಮಾಮೂಲಿ ಗಿರಾಕಿಯ ಹಾಗೆ ಬುಟ್ಟಿ ಹಿಡಿದು ಓಡಾಡಿ ಕಳ್ಳರನ್ನು ಹಿಡಿಯುವುದು ಅವಳ ಕೆಲಸ. ಆ ಕೆಲಸದಲ್ಲಿ ಅವಳು ಕಲಿತದ್ದು ಒಂದೇ. ಮುಖ ನೋಡುತ್ತ ಕೂತರೆ ಮೋಸ ಹೋಗುತ್ತೀವಿ, ಕೈ ನೋಡಬೇಕು.

"ಸಾಕು, ಕುಂಚ ಕೆಳಗಿಡಿ," ಎಂದಳು. "ನೀವು ಬರೆದಿಲ್ಲ."

"ನಾನೇ ಬರೆದದ್ದು ಅಂತ ಹೇಳ್ತಿದ್ದೀನಲ್ಲ."

"ಬಾಯಿ ಹೇಳ್ತಿದೆ. ಕೈ ಒಪ್ತಿಲ್ಲ."

ಭಯದ ಚಿತ್ರಕಥೆಗಳ ಕುಜೆ ಹನ್‌ಸಾಕು ತೀರಿಕೊಂಡು ಇಂದಿಗೆ ಆರನೆಯ ಶುಕ್ರವಾರ. ಅವರು ಮುಗಿಸದೆ ಹೋದ ಕೊನೆಯ ಕಥೆಯ ಕೊನೆಯ ಪುಟದಲ್ಲಿ, ಅವರು ಸತ್ತ ಮೇಲೆ ಯಾರೋ ದೆವ್ವಕ್ಕೆ ಕಣ್ಣು ಬರೆದಿದ್ದರು.

ಹೊರಗಿನವರಿಗೆ ಇದು ಎರಡು ಚುಕ್ಕೆ. ಈ ಮನೆಯಲ್ಲಿ ಹಾಗಲ್ಲ. ಕುಜೆ ಗುರುಗಳು ಗೆರೆ ಎಳೆಯುತ್ತಿದ್ದರು, ಕಪ್ಪು ತುಂಬುವುದು ಶಿಗೆತಾ. ಆದರೆ ದೆವ್ವದ ಪಾಪೆಯನ್ನು ಮಾತ್ರ ಪತ್ರಿಕೆಗೆ ಕಥೆ ಕೊಡುವ ದಿನ ಬೆಳಗ್ಗೆ, ಮುಖ ತೊಳೆದು, ಗುರುಗಳೇ ಬರೆಯಬೇಕು. ಮೂವತ್ತೊಂದು ವರ್ಷ ಪಕ್ಕದಲ್ಲೇ ಕೂತವನು ಒಂದು ಸಲವೂ ಆ ಬಿಳಿಯನ್ನು ಮುಟ್ಟಿರಲಿಲ್ಲ.

ಈಗ ಗುರುಗಳ ಹೆಂಡತಿ ಸವಾಯೆ ಅವನತ್ತಲೇ ಬೆರಳು ತೋರಿಸಿದ್ದರು. ಅವನ ಬಾಯಿ ಬಿಡಿಸಲು, ಚಿಕ್ಕಂದಿನಿಂದ ಗೊತ್ತಿದ್ದ ಇಸೊಕೊಳನ್ನು ಕರೆಸಿದ್ದರು. ಭಾನುವಾರ ಕರ್ಮ ಮುಗಿದು, ಬೂದಿ ಸಮಾಧಿ ಸೇರಿದ ಮೇಲೆ ಶಿಗೆತಾ ಹಿಂದಿನ ಕೋಣೆ ಖಾಲಿ ಮಾಡಬೇಕು. ಐವತ್ತೆರಡು ವರ್ಷದ ಅವನಿಗೆ ಆ ಕೋಣೆ ಬಿಟ್ಟು ಬೇರೆ ಮನೆಯಿಲ್ಲ. ಸತ್ತ ಗುರುವಿನ ಹಾಳೆಗೆ ಕೈ ಹಾಕಿದವನು ಅನ್ನಿಸಿಕೊಂಡರೆ ಟೋಕಿಯೋದ ಯಾವ ಚಿತ್ರಕಥೆಗಾರನೂ ಅವನನ್ನು ಪಕ್ಕದಲ್ಲಿ ಕೂರಿಸಿಕೊಳ್ಳುವುದಿಲ್ಲ.

"ಮಾಡದ ತಪ್ಪು ಒಪ್ಪಿಕೊಳ್ಳೋರನ್ನ ಅಂಗಡಿಯಲ್ಲೂ ನೋಡಿದ್ದೀನಿ," ಎಂದಳು ಇಸೊಕೊ. "ಪಕ್ಕದಲ್ಲಿ ಯಾರೋ ಬೇಕಾದವರು ಇರ್ತಾರೆ. ನಿಮ್ಮ ಪಕ್ಕದಲ್ಲಿ ಯಾರಿದ್ದಾರೆ?"

ಶಿಗೆತಾ ಅಂಗೈಯ ಮಸಿಯನ್ನು ಹಳೇ ಬಟ್ಟೆಗೆ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ.

"ಅಮ್ಮಾವ್ರು," ಎಂದ ಕೊನೆಗೆ. "ಹೋದ ಬುಧವಾರ ಪತ್ರಿಕೆಯವರು ಹಾಳೆಗಳನ್ನ ಕೇಳಿಕೊಂಡು ಬಂದರಲ್ಲ. ಅದಕ್ಕೆ ಮುಂಚೆ, ಬೆಳಗ್ಗೆನೇ ಅಮ್ಮಾವ್ರು ಹಾಳೆ ಇಟ್ಟ ಪೆಟ್ಟಿಗೆ ತೆಗೆದು ಆ ಪುಟ ಕೈಯಲ್ಲಿ ಹಿಡಿದು ಕೂತಿದ್ರು. ಮುಖ ಸುಣ್ಣದ ಹಾಗಿತ್ತು. ಗಂಡನ ಕೊನೇ ಕೆಲಸ, ಕಣ್ಣಿಲ್ಲದೆ ಹೋಗಬಾರದು ಅಂತ ಅವ್ರೇ ಬರೆದಿರಬೇಕು. ಬರೆದ್ರೆ ಬರೆಯಲಿ. ಅವರ ಮನೆ, ಅವರ ಗಂಡ."

"ತಾವೇ ಬರೆದು ನಿಮ್ಮ ಮೇಲೆ ಹಾಕ್ತಾರಾ?"

"ಪತ್ರಿಕೆಯವರ ಮುಂದೆ ನಾಚಿಕೆ ಆಗಿರಬಹುದು."

"ನಿಮಗೆ ಬೀದಿ, ಅವರಿಗೆ ಬರೀ ನಾಚಿಕೆ. ಚೆನ್ನಾಗಿದೆ ನಿಮ್ಮ ಲೆಕ್ಕ. ಅಂಟಿನ ವಿಚಾರ ಹೇಳಿ."

ಅಂಟು ಶಿಗೆತಾನಿಗೆ ವಿರುದ್ಧವಾಗಿದ್ದ ದೊಡ್ಡ ಸಾಕ್ಷಿ. ಹಾಳೆಗಳನ್ನು ತವರ ಹೊದಿಸಿದ ಹಳೆಯ ಚಹಾ ಪೆಟ್ಟಿಗೆಯಲ್ಲಿಟ್ಟು, ಮುಚ್ಚಳದ ಮೇಲೆ ಸವಾಯೆ ಕಾಗದದ ಪಟ್ಟಿ ಅಂಟಿಸಿದ್ದರು. ಅಂಟಿಸಿದ್ದು ಅನ್ನ ಅರೆದು ಮಾಡಿದ ಅಂಟಿನಲ್ಲಿ. ಬುಧವಾರ ನೋಡಿದಾಗ ಪಟ್ಟಿಯ ಅಂಚು ಹಳದಿಯಾಗಿ ರಬ್ಬರ್ ವಾಸನೆ ಬರುತ್ತಿತ್ತು. ಚಿತ್ರಕಥೆಯ ಹಾಳೆಗೆ ಅಚ್ಚಾದ ಮಾತಿನ ಚೀಟಿಗಳನ್ನು ಅಂಟಿಸುವ ಅಂಟು ಅದು. ಡಬ್ಬಿ ಇದ್ದದ್ದು ಶಿಗೆತಾನ ಮೇಜಿನ ಮೇಲೆ.

"ಡಬ್ಬಿ ನಂದೇ," ಎಂದ. "ಆದ್ರೆ ಅದಕ್ಕೆ ಹಿಂದಿನ ಸೋಮವಾರ ಕರ್ಮಕ್ಕೆ ಅಂತ ಈ ಕೋಣೆಯ ತಾತಾಮಿ ಚಾಪೆ ಬದಲಾಯಿಸಿದ್ರು. ಮೇಜು, ಡಬ್ಬಿ, ಪೆಟ್ಟಿಗೆ ಎಲ್ಲಾ ಅರ್ಧ ದಿನ ಬೀದಿ ಕಡೆ ಜಗಲಿಯಲ್ಲಿತ್ತು."

"ಕಾಯೋಕೆ ಯಾರಿದ್ರು?"

"ಈ ಗಲ್ಲಿಯಲ್ಲಿ ಯಾರು ಏನು ಕದೀತಾರೆ?"

"ನನ್ನ ಸಂಬಳ ಬರೋದೇ ಹಾಗೆ ಅಂದುಕೊಳ್ಳೋರಿಂದ," ಎಂದಳು ಇಸೊಕೊ.

ಶಿಗೆತಾನ ಮುಖದಲ್ಲಿ ನಗು ಬಂದು ಹೋಯಿತು. ಅವನು ಮೇಜಿನ ಕೆಳಗಿಂದ ಎಣ್ಣೆ ಜಿಡ್ಡಿನ ಕಾಗದದ ಚೀಲವೊಂದನ್ನು ತೆಗೆದು ಮುಂದಿಟ್ಟ. ಬ್ರೆಡ್ಡಿನ ಅಂಚುಗಳನ್ನು ಕರಿದು ಸಕ್ಕರೆ ಉದುರಿಸಿದ್ದು. "ಹೋದ ಶುಕ್ರವಾರದ್ದು, ಮೆತ್ತಗಾಗಿದೆ. ತಗೊಳ್ಳಿ. ಗುರುಗಳು ಹೋದಾಗಿನಿಂದ ಅಮ್ಮಾವ್ರು ಶುಕ್ರವಾರ ಶುಕ್ರವಾರ ಕರೀತಾರೆ. ಪೂಜಾಗೂಡಿನ ಮುಂದೆ ಇಟ್ಟು ಆಮೇಲೆ ನನಗೆ ಕೊಡ್ತಾರೆ. ಅವರಿಗೆ ಸಕ್ಕರೆ ಕಾಯಿಲೆ, ಬಾಯಿಗೂ ಇಡೋ ಹಾಗಿಲ್ಲ. ಚಿಟಿಕೆ ಉಪ್ಪು ಬೆರೆಸ್ತಾರೆ ನೋಡಿ, ಅದೇ ಮಜಾ."

ಇಸೊಕೊ ಒಂದು ತುಂಡು ಬಾಯಿಗೆ ಹಾಕಿಕೊಂಡಳು.

ಸಿಹಿ, ಅದರ ಹಿಂದೆಯೇ ಉಪ್ಪು. ನಾಲಿಗೆಗೆ ಏನೋ ನೆನಪಾಯಿತು, ತಲೆಗೆ ಆಗಲಿಲ್ಲ. ಜೀರುಂಡೆಯ ಸದ್ದು. ಬೆರಳಿಗೆ ಅಂಟಿದ ಸಕ್ಕರೆ ಹರಳು. ಯಾರೋ ಗದರಿಸುತ್ತಿದ್ದಾರೆ. ಅಷ್ಟು ಬಂದು ನಿಂತುಹೋಯಿತು.

ಅವಳು ಕೈ ಒರೆಸಿಕೊಂಡು, ಮೆತ್ತನೆಯ ಕಾಗದದಲ್ಲಿ ಸುತ್ತಿದ್ದ ಆ ಕೊನೆಯ ಪುಟವನ್ನು ಬಿಚ್ಚಿದಳು. ಸಂದೇಹ ತೀರುವ ತನಕ ಅದು ತನ್ನ ಬಳಿ ಇರಲಿ ಎಂದು ಸವಾಯೆಯಿಂದ ಕೇಳಿ ಪಡೆದದ್ದು.

ಪುಟದ ತುಂಬ ಒಂದೇ ಮುಖ. ಕಣ್ಣು ನೇರ ಓದುವವನ ಕಡೆ.

"ನೀವು ಸರಿಯಾಗಿ ನೋಡಿದ್ದೀರಾ ಇದನ್ನ?" ಎಂದು ಕೇಳಿದಳು.

"ಒಂದೇ ಸಲ. ನೋಡೋಕೆ ಮನಸ್ಸು ಬರಲಿಲ್ಲ."

"ಈಗ ನೋಡಿ. ಪಾಪೆಯೊಳಗೆ ಬೆಳಕಿನ ಬಿಳಿ ಚುಕ್ಕೆ ಎಲ್ಲಿದೆ?"

ಶಿಗೆತಾ ಕನ್ನಡಕ ಹಣೆಗೇರಿಸಿ ಬಗ್ಗಿದ. ಬಗ್ಗಿದವನು ಹಾಗೇ ಉಳಿದ. "ಮೇಲಿದೆ," ಎಂದ ನಿಧಾನವಾಗಿ. "ಎಡಗಡೆ ಮೇಲೆ. ಓರೆಯಾಗಿ, ಒಂದು ಅಕ್ಕಿಕಾಳಿನ ಹಾಗೆ. ಇದು ತಪ್ಪು. ಗುರುಗಳ ದೆವ್ವಕ್ಕೆ ಬೆಳಕು ಕೆಳಗಡೆ ಇರುತ್ತೆ. ದುಂಡಗೆ ಇರುತ್ತೆ. ಯಾವತ್ತೂ ಹಾಗೇ."

"ಯಾವತ್ತೂ ಅಂದ್ರೆ?"

"ನಾನು ಬಂದಾಗಿನಿಂದ."

"ನೀವು ಬರೋಕೆ ಮುಂಚೆ?"

ಶಿಗೆತಾ ಕನ್ನಡಕವನ್ನು ಮತ್ತೆ ಮೂಗಿಗೆ ಇಳಿಸಿದ. ಇಸೊಕೊ ಹೊರಗೆ ಹೋಗಿ ಸೈಕಲ್ಲಿನ ಬುಟ್ಟಿಯಿಂದ ಒಂದು ಗಂಟು ತಂದಳು. ಭಾನುವಾರ ಪೂಜಾಗೂಡಿನ ಮುಂದೆ ಇಡಬೇಕೆಂದು ಬೆಳಗ್ಗೆ ಬೀರುವಿನಿಂದ ತೆಗೆದದ್ದು. ಬಟ್ಟೆಯೊಳಗಿದ್ದದ್ದು ದಪ್ಪ ರಟ್ಟಿನ ಒಂದು ಹಳೆಯ ಪುಸ್ತಕ, 'ಉಪ್ಪಿನ ಗೋದಾಮಿನ ಹೆಣ್ಣು'. ಕುಜೆ ಹನ್‌ಸಾಕುವಿನ ಮೂರನೆಯ ಪುಸ್ತಕ.

ಇದೇ ತತೆಯಿಶಿ ಕೇರಿಯಲ್ಲಿ, ರೈಲ್ವೆ ಗೇಟಿನ ಪಕ್ಕ, ಇಸೊಕೊಳ ಅಪ್ಪನಿಗೆ ಬಾಡಿಗೆ ಪುಸ್ತಕದ ಅಂಗಡಿ ಇತ್ತು. ಹತ್ತು ಯೆನ್ ಕೊಟ್ಟರೆ ಒಂದು ಪುಸ್ತಕ ಎರಡು ದಿನಕ್ಕೆ. ಮಕ್ಕಳು ಊರವರ ಸ್ನಾನದ ಮನೆಯಿಂದ ಮರಳುವ ದಾರಿಯಲ್ಲಿ ಒದ್ದೆ ಟವಲು ಹೆಗಲಿಗೆ ಹಾಕಿಕೊಂಡು ಬರುತ್ತಿದ್ದರು. ಭಯದ ಪುಸ್ತಕ ಒಬ್ಬರೇ ತೆಗೆದುಕೊಳ್ಳುತ್ತಿರಲಿಲ್ಲ. ಇಬ್ಬರು ಸೇರಿ ಐದೈದು ಯೆನ್ ಹಾಕಿ, ಅಂಗಡಿ ಮೆಟ್ಟಿಲ ಮೇಲೆಯೇ ಭುಜಕ್ಕೆ ಭುಜ ಒತ್ತಿ ಕೂತು ಓದುತ್ತಿದ್ದರು. ಗೇಟಿನ ಗಂಟೆ ಹೊಡೆದರೆ ಒಟ್ಟಿಗೆ ಬೆಚ್ಚುತ್ತಿದ್ದರು.

ಆ ದಿನಗಳಲ್ಲಿ ಒಬ್ಬ ತೆಳ್ಳನೆಯ ಯುವಕ ತಿಂಗಳಿಗೊಮ್ಮೆ ಬರುತ್ತಿದ್ದ. ಪುಸ್ತಕ ಬಾಡಿಗೆಗೆ ಕೇಳುತ್ತಿರಲಿಲ್ಲ. ತಾನೇ ಬರೆದ ಪುಸ್ತಕಗಳನ್ನು ತೆಗೆದು, ಕಥೆ ಬಿಟ್ಟು ಪುಟದ ಕೆಳಮೂಲೆಗಳನ್ನು ಮಾತ್ರ ನೋಡುತ್ತಿದ್ದ.

"ಏನು ನೋಡ್ತೀಯಾ ಅಣ್ಣ?" ಎಂದು ಹತ್ತು ವರ್ಷದ ಇಸೊಕೊ ಕೇಳಿದ್ದಳು.

"ಹೆಬ್ಬೆರಳು," ಎಂದಿದ್ದ ಅವನು. "ಹೆದರಿದ ಮಗು ಪುಟ ತಿರುಗಿಸೋಕೆ ಮುಂಚೆ ಮೂಲೆಯನ್ನ ಗಟ್ಟಿಯಾಗಿ ಹಿಡಿಯುತ್ತೆ. ಮೂಲೆ ಕಪ್ಪಾಗಿದ್ರೆ ನನ್ನ ದೆವ್ವ ಗೆದ್ದಿದೆ ಅಂತ ಅರ್ಥ."

ಅವನೇ ಕುಜೆ. ಮೊದಲ ಮೂರು ಪುಸ್ತಕಗಳ ಮೂಲೆಗಳು ಮಸಿ ಹಿಡಿದ ಬಾಣಲೆಯ ಹಾಗಿದ್ದವು. ನಾಲ್ಕನೆಯದರಿಂದ ಮೂಲೆಗಳು ಬೆಳ್ಳಗಾದವು. ಬುದ್ಧಿಯಿಲ್ಲದ ಇಸೊಕೊ ಅವನ ಮುಖಕ್ಕೇ ಹೇಳಿದ್ದಳು, ಅಣ್ಣ, ಈಗಿನ ದೆವ್ವ ನೋಡಿದ್ರೆ ನಿದ್ದೆ ಬರುತ್ತೆ, ಮೊದಲಿನದೇ ವಾಸಿ ಎಂದು. ಅವನು ನಕ್ಕಿದ್ದ. ಆ ನಗು ಅವಳಿಗೆ ಇಷ್ಟವಾಗಿರಲಿಲ್ಲ. ಮುಂದೆ ದೊಡ್ಡ ಪತ್ರಿಕೆಗಳಲ್ಲಿ ಅವನಿಗೆ ಹೆಸರು ಬಂದಿತು, ಟಿ.ವಿ. ಬಂದು ಅಪ್ಪನ ಅಂಗಡಿ ಮುಚ್ಚಿತು. ಪುಸ್ತಕಗಳು ತೂಕಕ್ಕೆ ಹೋದ ದಿನ ಅವಳು ಇದೊಂದನ್ನು ಅಂಗಿಯೊಳಗೆ ಬಚ್ಚಿಟ್ಟುಕೊಂಡಿದ್ದಳು. ಅವಳ ಬಾಳಿನ ಮೊದಲ ಕಳ್ಳತನ ಅದು, ಕೊನೆಯದೂ ಹೌದು.

ಈಗ ಆ ಪುಸ್ತಕದ ಅತಿ ಕಪ್ಪು ಮೂಲೆಯನ್ನು ಹಿಡಿದು ಪುಟ ತೆರೆದಳು. ದೆವ್ವ ಉಪ್ಪಿನ ಮೂಟೆಗಳ ನಡುವಿನಿಂದ ನೋಡುತ್ತಿತ್ತು.

ಎಡಗಡೆ ಮೇಲೆ, ಓರೆಯಾಗಿ, ಅಕ್ಕಿಕಾಳಿನಷ್ಟು ಬಿಳಿ.

ಶಿಗೆತಾ ಎರಡು ಪುಟಗಳನ್ನೂ ಪಕ್ಕಪಕ್ಕ ಇಟ್ಟು ಎಷ್ಟೋ ಹೊತ್ತು ನೋಡಿದ. ಕೂದಲು, ಕೆನ್ನೆ, ಬೆರಳುಗಳನ್ನು ಮುಟ್ಟಿ ಮುಟ್ಟಿ ನೋಡಿದ. "ಗೆರೆ ಎಲ್ಲಾ ಗುರುಗಳದ್ದೇ. ಇಲ್ಲಿ ನೋಡಿ, ಬೆರಳಿನ ಗೆಣ್ಣು, ಇದು ಅವರದ್ದೇ. ಕಣ್ಣು ಮಾತ್ರ..." ಅವನ ದನಿ ಕುಗ್ಗಿತು. "ಎರಡೂ ಒಂದೇ ಕೈ. ಆದ್ರೆ ಆ ಕೈ ಗುರುಗಳದ್ದಲ್ಲ."

ಪುಟದ ಮೂಲೆಯಲ್ಲಿ, ಕಪ್ಪು ಹೆಬ್ಬೆರಳುಗಳ ನಡುವೆ, ಒಂದು ಸಣ್ಣ ಎಣ್ಣೆ ಕಲೆ ಇತ್ತು. ಆ ಕಲೆಯ ಮೇಲೆ ಬೆರಳು ಇಡುತ್ತಲೇ ಇಸೊಕೊಳಿಗೆ ನಾಲಿಗೆಯ ತುದಿಯಲ್ಲಿದ್ದದ್ದೆಲ್ಲ ನೆನಪಿಗೆ ಬಂತು.

ಗದರಿಸಿದ್ದು ಅಪ್ಪ. "ಸಕ್ಕರೆ ಕೈಯಲ್ಲಿ ಪುಸ್ತಕ ಮುಟ್ಟಬೇಡ ಅಂತ ಎಷ್ಟು ಸಲ ಹೇಳಬೇಕೇ."

ಆಗ ಬರುತ್ತಿದ್ದವನು ಕುಜೆ ಒಬ್ಬನೇ ಅಲ್ಲ. ಅವನು ಅಂಗಡಿಯೊಳಗೆ ಮೂಲೆ ನೋಡುತ್ತಿರುವಾಗ ಇನ್ನೊಬ್ಬ ಹೊರಗೆ, ಬಿಸಿಲಲ್ಲಿ, ಕಾಗದದ ಚೀಲ ಹಿಡಿದು ನಿಂತಿರುತ್ತಿದ್ದ. ಒಳಗೆ ಬರುತ್ತಲೇ ಇರಲಿಲ್ಲ. ಒಮ್ಮೆ ಚೀಲ ಅವಳ ಮುಂದೆ ಹಿಡಿದಿದ್ದ. ಕರಿದ ಬ್ರೆಡ್ಡಿನ ಅಂಚು. ಸಿಹಿ, ಅದರ ಹಿಂದೆಯೇ ಉಪ್ಪು.

ಇಸೊಕೊ ಪುಸ್ತಕವನ್ನೂ ಹಾಳೆಯನ್ನೂ ಎತ್ತಿಕೊಂಡು ಎದ್ದಳು. "ಬನ್ನಿ. ಅಮ್ಮಾವ್ರ ಹತ್ತಿರ ಹೋಗೋಣ."

ಸವಾಯೆ ಮುಂದಿನ ಕೋಣೆಯಲ್ಲಿ ಭಾನುವಾರದ ಅತಿಥಿಗಳಿಗೆ ಕೂರುವ ದಿಂಬುಗಳ ಹೊದಿಕೆ ಬದಲಾಯಿಸುತ್ತಿದ್ದರು. ಪೂಜಾಗೂಡಿನಲ್ಲಿ ಕುಜೆಯ ಫೋಟೋ, ಅದರ ಕೆಳಗೆ ಬಿಳಿ ಬಟ್ಟೆ ಸುತ್ತಿದ ಬೂದಿಯ ಪೆಟ್ಟಿಗೆ, ಉರಿದು ಅರ್ಧವಾದ ಧೂಪದ ಕಡ್ಡಿ.

"ಒಪ್ಪಿಕೊಂಡನಾ?" ಎಂದು ಕೇಳಿದರು, ತಲೆ ಎತ್ತದೆ.

"ಒಪ್ಪಿಕೊಂಡ್ರು. ಸುಳ್ಳು ಅದು."

"ನಿನಗೆ ಹೇಗೆ ಗೊತ್ತೇ?"

"ಈ ಮನುಷ್ಯನಿಗೆ ಒಂದು ಪಾಪೆ ಬರೆಯೋಕೆ ಆಗಲ್ಲ ಅಕ್ಕ. ಅಂಗೈ ಅಡ್ಡ ಹಿಡಿದು ಮಸಿ ತಡೀತಾರೆ. ನಿಮ್ಮ ಗಂಡ ಹೋದ ಮೇಲೂ ಆ ಕಣ್ಣು ಕಾಯ್ತಾ ಇದ್ದಾರೆ."

ಸವಾಯೆಯ ಕೈ ಒಂದು ಕ್ಷಣ ನಿಂತು, ಮತ್ತೆ ದಿಂಬಿನ ಮೂಲೆ ತುರುಕತೊಡಗಿತು. ಇಸೊಕೊ ಪುಸ್ತಕವನ್ನು ತೆರೆದು ಅವರ ಮಡಿಲ ಮುಂದೆ ಇಟ್ಟಳು. ಪಕ್ಕದಲ್ಲಿ ಕೊನೆಯ ಪುಟ.

ಸವಾಯೆ ಪುಸ್ತಕದ ಕಡೆ ನೋಡಲೇ ಇಲ್ಲ. ನೋಡದೆಯೇ ಅದನ್ನು ಮುಚ್ಚಿದರು. ಅದೂ ಇಸೊಕೊಳ ಕಣ್ಣಿಗೆ ಬಿತ್ತು.

"ಬುಧವಾರ ಪೆಟ್ಟಿಗೆ ತೆಗೆದ ಕೂಡಲೇ ನಿಮಗೆ ಗೊತ್ತಾಯ್ತು," ಎಂದಳು ಇಸೊಕೊ. "ಈ ಕಣ್ಣು ಯಾರದ್ದು ಅಂತ. ಆದ್ರೂ ಶಿಗೆತಾ ಅವರ ಮೇಲೆ ಹಾಕಿದ್ರಿ. ಯಾಕೆ ಅಕ್ಕ?"

"ನೀನು ಚಿಕ್ಕವಳಿದ್ದಾಗಲೂ ಹೀಗೇ. ಕೇಳಿದ್ದೇ ಕೇಳ್ತಿದ್ದೆ."

"ಇವರು ಭಾನುವಾರದ ಮೇಲೆ ಎಲ್ಲಿಗೆ ಹೋಗ್ಬೇಕು? ಅದನ್ನ ಹೇಳಿಬಿಡಿ, ನಾನು ಮತ್ತೆ ಕೇಳಲ್ಲ."

ಸವಾಯೆ ಶಿಗೆತಾನ ಕಡೆ ನೋಡಿದರು. ಅವನು ಬಾಗಿಲ ಬಳಿ, ಮಸಿ ಮೆತ್ತಿದ ಅಂಗೈಯನ್ನು ತೊಡೆಯ ಮೇಲೆ ಮಗುಚಿ, ತಲೆ ತಗ್ಗಿಸಿ ಮಂಡಿಯೂರಿ ಕೂತಿದ್ದ.

"ಇವನಿಗೆ ಏನೋ ಹಳೇ ಕಾಗದ ಸಿಕ್ಕಿದೆ ಅಂದುಕೊಂಡೆ," ಎಂದರು. "ಆ ಕಣ್ಣು ನೋಡಿ ಬರೆಯೋದು ಕಲಿತು, ಗುಟ್ಟು ತನಗೆ ಗೊತ್ತು ಅಂತ ನನಗೆ ತೋರಿಸ್ತಿದ್ದಾನೆ ಅಂದುಕೊಂಡೆ. ಹೆದರಿಕೆ ಆಯ್ತು. ಇವನು ಕಣ್ಣ ಮುಂದೆ ಇರೋದು ಬೇಡ ಅನ್ನಿಸ್ತು."

"ಏನು ಗೊತ್ತು ಅಂತ?"

"ಮೊದಲ ಮೂರು ಪುಸ್ತಕದ ಕಣ್ಣು ಇವರದ್ದಲ್ಲ ಅಂತ." ಅವರು ಫೋಟೋ ಕಡೆ ಗಲ್ಲ ಎತ್ತಿ ತೋರಿಸಿದರು. "ಮುಖ ಇವರು ಬರೀತಿದ್ರು. ಕಣ್ಣು ಗೆನ್ಜೊ. ಪುಸ್ತಕದ ಮೇಲೆ ಒಬ್ಬರದ್ದೇ ಹೆಸರು. ಗೆನ್ಜೊ ನನ್ನ ಅಣ್ಣ ಕಣೇ."

ಶಿಗೆತಾ ತಲೆ ಎತ್ತಿದ. ಮೂವತ್ತೊಂದು ವರ್ಷ ಈ ಮನೆಯ ಅನ್ನ ತಿಂದವನು ಆ ಹೆಸರನ್ನು ಕೇಳಿರಲಿಲ್ಲ.

"ಇಬ್ಬರೂ ಹೊಳೆ ಆಚೆ ಒಂದು ವಠಾರದಲ್ಲಿದ್ರು," ಎಂದರು ಸವಾಯೆ. ದನಿ ಈಗ ಮೆತ್ತಗಾಗಿತ್ತು. "ಒಂದೇ ಮೇಜು, ಎದುರುಬದುರು ಕೂತು ಬರೀತಿದ್ರು. ನಾನು ಬ್ರೆಡ್ಡಿನ ಅಂಗಡಿಯಲ್ಲಿ ಕೆಲಸ ಮಾಡ್ತಿದ್ದೆ. ಕತ್ತರಿಸಿ ಉಳಿದ ಅಂಚು ಚೀಲ ತುಂಬ ತರ್ತಿದ್ದೆ. ನಗ್ತಾ ನಗ್ತಾ ತಿಂತಿದ್ವಿ. ಅಷ್ಟು ನಗು ಆಮೇಲೆ ಈ ಮನೆಯಲ್ಲಿ ಕೇಳ್ಲಿಲ್ಲ."

"ಗೆನ್ಜೊ ಈಗ ಎಲ್ಲಿದ್ದಾರೆ?"

"ಸತ್ತ. ಆ ವಠಾರಕ್ಕೆ ಬೆಂಕಿ ಬಿತ್ತು, ಮೂರನೇ ಪುಸ್ತಕ ಬಂದ ಚಳಿಗಾಲ. ಅವನ ಮೂಳೆ ನಾನೇ ಹೆಕ್ಕಿದ್ದೀನಿ ಇಸೊಕೊ. ಮೂಳೆ ಹಿಡಿಯೋಕೆ ಒಂದು ಕಡೆ ನನ್ನ ಕಡ್ಡಿ, ಇನ್ನೊಂದು ಕಡೆ ಇವರ ಕಡ್ಡಿ. ಇಬ್ಬರೂ ಸೇರಿ ಎತ್ತಿ ಮಡಕೆಗೆ ಹಾಕಿದ್ವಿ. ಸತ್ತವನು ಬಂದು ಕಣ್ಣು ಬರೀತಾನಾ?"

ಇಸೊಕೊ ಮೆಲ್ಲಗೆ ಕೇಳಿದಳು. "ಮುಖ ನೋಡಿದ್ರಾ?"

"ಮುಖ ಎಲ್ಲಿತ್ತು? ಎಲ್ಲಾ ಸುಟ್ಟುಹೋಗಿತ್ತು."

"ಮತ್ತೆ ಗೆನ್ಜೊ ಅಂತ ಗುರುತು ಹಿಡಿದವರು ಯಾರು?"

ಸವಾಯೆಯ ಕಣ್ಣು ತಾನಾಗಿಯೇ ಫೋಟೋದತ್ತ ಹೋಯಿತು. ಗೂಡಿನೊಳಗೆ ಕುಜೆ ಹನ್‌ಸಾಕು ಎಂದಿನ ನಗು ನಗುತ್ತಿದ್ದ. ಇಸೊಕೊಳಿಗೆ ಹತ್ತನೆಯ ವಯಸ್ಸಿನಲ್ಲೇ ಇಷ್ಟವಾಗದಿದ್ದ ನಗು.

"ಇವರೇ ಹೇಳಿದ್ರು," ಎಂದರು ಸವಾಯೆ. "ನಾನು ನಂಬಿದೆ. ಬೆಂಕಿಯಲ್ಲಿ ಇನ್ಯಾರು ಇರ್ತಾರೆ."

ದೂರದಲ್ಲಿ ರೈಲ್ವೆ ಗೇಟಿನ ಗಂಟೆ ಹೊಡೆಯತೊಡಗಿತು.

"ಅಕ್ಕ," ಎಂದಳು ಇಸೊಕೊ, "ಗಂಡನಿಗೆ ಇಷ್ಟ ಅಂತ ಶುಕ್ರವಾರ ಶುಕ್ರವಾರ ಬ್ರೆಡ್ಡಿನ ಅಂಚು ಕರೀತೀರಂತೆ. ಸಕ್ಕರೆಗೆ ಉಪ್ಪು ಎಷ್ಟು ಬೆರೆಸ್ತೀರಿ?"

ಸವಾಯೆ ಅರ್ಥವಾಗದವರಂತೆ ನೋಡಿದರು. "ನಾನೆಲ್ಲಿ ಕರೀತೀನಿ? ಅದನ್ನ ತರೋನು ಶಿಗೆತಾ. ಪ್ರತಿ ಶುಕ್ರವಾರ ಗೇಟಿಗೆ ತೂಗುಹಾಕಿರ್ತಾನೆ. ಗುರುಗಳ ಹಳೇ ಕಥೆ ಕೇಳಿ ಗೊತ್ತಿರಬೇಕು ಅಂದುಕೊಂಡು ಗೂಡಿನ ಮುಂದೆ ಇಡ್ತೀನಿ."

"ನಾನಲ್ಲ ಅಮ್ಮಾವ್ರೇ," ಎಂದ ಶಿಗೆತಾ. "ನೀವು ಕೊಡ್ತೀರಲ್ಲ, ಅದಕ್ಕೆ ನೀವೇ ಕರೀತೀರಿ ಅಂದುಕೊಂಡಿದ್ದೆ."

ಸವಾಯೆ ಅವನ ಕಡೆ ನೋಡಲಿಲ್ಲ. ಇಸೊಕೊಳನ್ನೇ ನೋಡುತ್ತಿದ್ದರು. ತುಟಿಯ ಬಣ್ಣ ಹೋಗಿತ್ತು.

"ಉಪ್ಪು ಅಂದ್ಯಾ?"

"ಚಿಟಿಕೆಯಷ್ಟು."

"ಉಪ್ಪು ಹಾಕ್ತಿದ್ದವನು ಒಬ್ಬನೇ. ಇವರು ಬೇಡ ಅಂತ ಜಗಳ ಆಡ್ತಿದ್ರು, ನಾನು ನಗ್ತಿದ್ದೆ. ಅದು ಗೊತ್ತಿದ್ದದ್ದು ಮೂರೇ ಜನಕ್ಕೆ." ಬಿಳಿ ಬಟ್ಟೆಯ ಪೆಟ್ಟಿಗೆಯ ಮೇಲೆ ಅವರ ಕೈ ಹೋಗಿ ಕೂತಿತು. "ಒಬ್ಬರು ಇಲ್ಲಿದ್ದಾರೆ. ಒಬ್ಬಳು ನಾನು."

ಇಸೊಕೊ ಗೋಡೆಯ ಕ್ಯಾಲೆಂಡರಿನ ಕಡೆ ನೋಡಿದಳು. ಶಿಗೆತಾನೂ ಅದನ್ನೇ ನೋಡಿದ. ಇಂದು ಶುಕ್ರವಾರ.

ಅವನು ಎದ್ದು, ಚಪ್ಪಲಿ ಮೆಟ್ಟುವುದನ್ನೂ ಮರೆತು ಹೊರಗೆ ಓಡಿದ. ಗೇಟಿನ ಕಬ್ಬಿಣ ಕಿರುಗುಟ್ಟಿತು. ಅವನು ಗಲ್ಲಿಯ ಎಡಕ್ಕೆ, ಬಲಕ್ಕೆ ಹೆಜ್ಜೆ ಹಾಕಿ ನಿಂತದ್ದು ಒಳಗಿದ್ದ ಇಬ್ಬರಿಗೂ ಕೇಳಿಸಿತು.

ತಿರುಗಿ ಬಂದಾಗ ಅವನ ಎರಡೂ ಕೈಯಲ್ಲಿ ಕಾಗದದ ಒಂದು ಚೀಲವಿತ್ತು. ತಳದಲ್ಲಿ ಎಣ್ಣೆ ಆಗಷ್ಟೇ ಇಳಿಯುತ್ತಿತ್ತು.

"ಯಾರೂ ಇಲ್ಲ," ಎಂದ. ಚೀಲವನ್ನು ಸವಾಯೆಯ ಕೈಗೆ ಕೊಡಲು ಹೋಗಿ, ಕೊಡಲಾರದೆ ನಿಂತ.

"ಅಮ್ಮಾವ್ರೇ, ಇದು ಇನ್ನೂ ಬಿಸಿ ಇದೆ."